ಈ ಮಳೆಗಿಷ್ಟು, ಮೇಲಿನದು ಕೊಸರು

ಈ ಸ್ಟೀಲ್ ಫ್ಲಾಸ್ಕಿಗೆ ನಾನು ಕೊಟ್ಟದ್ದು ಆರುನೂರ ಐವತ್ತು ರೂಪಾಯಿ. ತಳದಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಎಷ್ಟಿತ್ತೋ ಅಷ್ಟೇ, ಒಂದು ರೂಪಾಯಿಯೂ ಕಡಿಮೆಯಿಲ್ಲ. ನನ್ನನ್ನು ಬಲ್ಲವರು ಯಾರೂ ಇದನ್ನು ನಂಬುವುದಿಲ್ಲ. ಹೆರಿಗೆ ನೋವು ತಿನ್ನುತ್ತಲೇ ಆಸ್ಪತ್ರೆಯ ರೂಮಿನ ಬಾಡಿಗೆ ಇಳಿಸಿದವಳು ನಾನು. ಅಂಥವಳು ಹೇಳಿದ ಬೆಲೆಗೆ ಫ್ಲಾಸ್ಕ್ ಕೊಂಡದ್ದಕ್ಕೆ ಕಾರಣ ಒಂದೇ. ಆ ದಿನ ನಾನು ಬಾಯಿ ತೆರೆಯುವಂತಿರಲಿಲ್ಲ. ಪಾತ್ರೆ ಅಂಗಡಿಯವನ ಮುಂದೆ ನಾಲ್ಕು ಬೆರಳು ಎತ್ತಿ ತೋರಿಸಿದೆ, ನಾನೂರಕ್ಕೆ ಕೊಡಪ್ಪಾ ಅಂತ. ಅವನು ಒಳಗೆ ಹೋಗಿ ನಾಲ್ಕು ಫ್ಲಾಸ್ಕ್ ತಂದಿಟ್ಟ. ಮೂರನ್ನು ವಾಪಸ್ ಮಾಡುವಷ್ಟರಲ್ಲೇ ನನಗೆ ಸಾಕುಸಾಕಾಗಿ, ದುಡ್ಡು ಎಣಿಸಿ ಕೊಟ್ಟು ಬಂದೆ.

ಈ ಸಲ ಮೃಗಶಿರ ಮಳೆ ಹಿಡಿದ ದಿನ ಅಟ್ಟದಿಂದ ಆ ಫ್ಲಾಸ್ಕ್ ಇಳಿಸಿ ಮುಚ್ಚಳ ತಿರುವಿದೆ. ಒಳಗಿನಿಂದ ಜ್ಯೇಷ್ಠಮಧುವಿನ ಸಿಹಿ ವಾಸನೆ ಹೊಡೆಯಿತು. ಎಷ್ಟು ಸಲ ತೊಳೆದರೂ ಮುಚ್ಚಳದ ರಬ್ಬರಿನಲ್ಲಿ ಅದು ಹಾಗೇ ಉಳಿದಿದೆ. ಆ ವಾಸನೆಯ ಹಿಂದೆಯೇ ಮೂರು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಬಂದು ಎದುರಿಗೆ ಕೂತಿತು.

ನನ್ನದು ದಾವಣಗೆರೆಯ ಕೆ.ಬಿ. ಬಡಾವಣೆಯ ಅಡ್ಡರಸ್ತೆಯಲ್ಲಿ ನೈಟಿ, ಲಂಗ, ಟವೆಲ್ಲು, ಬೆಡ್‌ಶೀಟುಗಳ ಅಂಗಡಿ. ಹುಟ್ಟಿದ್ದು ಕೊಂಡಜ್ಜಿಯಲ್ಲಿ, ಮದುವೆಯಾಗಿ ಬಂದದ್ದು ನಿಟ್ಟುವಳ್ಳಿಗೆ. ಮೊದಮೊದಲು ನೈಟಿಗಳ ಗಂಟು ಕಟ್ಟಿಕೊಂಡು ನಿಟ್ಟುವಳ್ಳಿಯ ಓಣಿ ಓಣಿ ತಿರುಗಿದೆ. ಆಮೇಲೆ ಮೊಪೆಡ್ ಬಂತು, ಆಮೇಲೆ ಅಂಗಡಿ. ಇದೆಲ್ಲ ಆದದ್ದು ಬಂಡವಾಳದಿಂದಲ್ಲ, ಬಾಯಿಯಿಂದ. ಹೋಲ್‌ಸೇಲಿನವನ ಹತ್ತಿರ ಇಳಿಸಬೇಕು, ಗಿರಾಕಿ ಹತ್ತಿರ ಏರಿಸಬೇಕು, ನಡುವೆ ಉಳಿದದ್ದರಲ್ಲಿ ಮನೆ ನಡೆಸಬೇಕು. ಎಲ್ಲಕ್ಕೂ ದನಿಯೇ ಬೇಕು. ಹೋಲ್‌ಸೇಲಿನವನಿಗೆ ಒಂದು ದನಿ, ಗಿರಾಕಿಗೆ ಇನ್ನೊಂದು, ಅಂಗಡಿ ಮುಂದೆ ಗಾಡಿ ನಿಲ್ಲಿಸುವವರಿಗೆ ಮೂರನೆಯದು. ಆ ವರ್ಷ ಬೇಸಿಗೆಯಲ್ಲಿ ಮೂರೂ ಒಂದೊಂದಾಗಿ ಕೈಕೊಟ್ಟವು. ಯುಗಾದಿಗೆ ಗೊಗ್ಗರಾಗಿದ್ದ ಗಂಟಲು ಮೇ ತಿಂಗಳಿಗೆ ಗಾಳಿ ಹೋದ ಟಯರಿನಂತಾಯಿತು. ಬಿಸಿನೀರು, ಉಪ್ಪುನೀರು, ಮೆಣಸಿನ ಕಷಾಯ ಎಲ್ಲ ಆದ ಮೇಲೆ ನಮ್ಮ ಯಜಮಾನರು ಬೈಕಿನಲ್ಲಿ ಕೂರಿಸಿಕೊಂಡು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಚಿಕ್ಕ ವಯಸ್ಸಿನವರು. ಬಾಯೊಳಗೆ ಸಣ್ಣ ಕ್ಯಾಮೆರಾ ಇಳಿಸಿ, ಟಿವಿಯಂಥ ಪರದೆಯ ಮೇಲೆ ನನ್ನ ಗಂಟಲನ್ನು ನನಗೇ ತೋರಿಸಿದರು.

"ನೋಡಿ, ದನಿ ಬರೋ ಜಾಗ ಇದು. ಎರಡು ಕಡೆನೂ ಸಣ್ಣ ಗಂಟು ಎದ್ದಿದೆ. ಗಾಬರಿ ಪಡೋಂಥದ್ದಲ್ಲ. ಹಾಡೋರಿಗೆ, ಮೇಷ್ಟ್ರುಗಳಿಗೆ, ಬಸ್ ಕಂಡಕ್ಟರ್‌ಗಳಿಗೆ ಬರುತ್ತೆ. ನೀವೇನು ಟೀಚರಾ?"

ನಾನು ಬಾಯಿ ತೆರೆಯುವುದರೊಳಗೆ ಯಜಮಾನರು ಹೇಳಿದರು, "ಇಲ್ರಿ ಸಾರ್. ಚೌಕಾಸಿ ಮಾಡ್ತಾಳ್ರಿ."

ಡಾಕ್ಟರು ನಗಲಿಲ್ಲ. ಕೂಗಬೇಡಿ, ಕಡಿಮೆ ಮಾತಾಡಿ, ಪಿಸುಗುಡುವುದಂತೂ ಬೇಡವೇ ಬೇಡ, ಅದು ಕೂಗುವುದಕ್ಕಿಂತ ಕೆಟ್ಟದ್ದು, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ ಎಂದರು. ನವರಾತ್ರಿ ಹೊತ್ತಿಗೆ ಗಂಟು ಕರಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್ ಎಂದರು. "ಆಪರೇಷನ್ ಆದ್ಮೇಲೂ ಹಿಂಗೇ ಕೂಗಿದ್ರೆ ದನಿ ಮೊದಲಿನ ಹಾಗೆ ಬರುತ್ತೆ ಅಂತ ನಾನು ಹೇಳಲ್ಲ."

ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಿಂದೊಮ್ಮೆ ಅಂಗಡಿಗೆ ಮಳೆನೀರು ನುಗ್ಗಿದಾಗಲೂ ಅಷ್ಟು ಹೆದರಿರಲಿಲ್ಲ. ನೆಂದ ಮಾಲನ್ನು ಒಣಗಿಸಿ ಅರ್ಧ ಬೆಲೆಗಾದರೂ ಮಾರಬಹುದು. ದನಿ ಹೋದರೆ ಅದನ್ನು ಮಾರುವವಳು ಯಾರು?

ಹೆದರಿದವರು ಮಾಡುವುದನ್ನೇ ನಾನೂ ಮಾಡಿದೆ. ಸಂಜೆ ದೇವರ ಮುಂದೆ ದೀಪ ಹಚ್ಚಿ ದೊಡ್ಡ ಸಂಕಲ್ಪ ಮಾಡಿದೆ. ದಸರೆಯವರೆಗೆ ಸಂಪೂರ್ಣ ಮೌನ, ಒಂದಕ್ಷರ ಆಡುವುದಿಲ್ಲ ಅಂತ. ಮಾರನೆಯ ದಿನ ಬೆಳಿಗ್ಗೆಯೇ ಹೋಗಿ ಫ್ಲಾಸ್ಕ್ ಕೊಂಡದ್ದು. ನಾಲ್ಕು ಬೆರಳಿನ ಕಥೆ ಆದದ್ದು ಆಗಲೇ.

ವ್ರತ ಮುರಿದದ್ದು ಅದೇ ದಿನ ಮಧ್ಯಾಹ್ನ. ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಅಚ್ಚ ಹತ್ತಿಯ ನೈಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಜೊತೆಗಿದ್ದವಳಿಗೆ, "ಬ್ಯಾಡ ಬಾರೆ, ಪಾಲಿಯೆಸ್ಟರ್ ಇದು" ಅಂದಳು.

"ಪಾಲಿಯೆಸ್ಟರ್ರಾ?"

ನನ್ನ ಬಾಯಿಂದ ಬಂದ ಆ ಕೂಗಿಗೆ ಎದುರು ಚಹಾದಂಗಡಿಯವನು ಲೋಟ ಇಟ್ಟು ನೋಡಿದ. ಆ ಹೆಣ್ಣುಮಗಳು ನೈಟಿ ಬಿಟ್ಟು ಓಡಿದಳು. ಅಂಗಡಿ ಜಗುಲಿಯ ಮೇಲಿನ ಹೊಲಿಗೆ ಮಶೀನು ಗಕ್ಕನೆ ನಿಂತಿತು.

ಆ ಮಶೀನು ನೂರ್ ಆಪಾಳದು. ಸೀರೆಗೆ ಫಾಲ್ ಹಚ್ಚುವುದು, ನೈಟಿ ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು ಅವಳ ಕೆಲಸ. ನನ್ನ ಜಗುಲಿಯಲ್ಲಿ ಕೂತು ವರ್ಷಗಳೇ ಆಗಿವೆ. ನನಗಿಂತ ದೊಡ್ಡವಳು, ಅದಕ್ಕೆ ನಾನು ಆಪಾ ಅನ್ನುತ್ತೇನೆ. ಅವಳು ನನಗೆ ಗಿರಿಜಕ್ಕಾ ಅನ್ನುತ್ತಾಳೆ. ಯಾರು ಯಾರಿಗೆ ಅಕ್ಕ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ಗಿರಿಜಕ್ಕಾ," ಅಂದಳು ಕನ್ನಡಕ ಇಳಿಸಿ, "ನಿನ್ನೆ ಸಂಜಿ ಮೌನ ಶುರು, ಇವತ್ತು ಮಧ್ಯಾಹ್ನ ಖಲಾಸ್. ಒಂದು ಮಾತು ಹೇಳು, ಅಲ್ಲಲ್ಲ, ಹೇಳಬ್ಯಾಡ, ತಲಿ ಆಡ್ಸು. ಯಾವನಾದ್ರೂ ಮೊದಲ್ನೇ ಸಲ ಹೇಳಿದ ರೇಟಿಗೆ ನೀನು ಮಾಲು ತಗಂಡೀಯೇನು?"

ಇಲ್ಲ ಎಂದು ತಲೆ ಆಡಿಸಿದೆ.

"ಮತ್ತೆ ನಿನ್ನೆ ದೇವ್ರ ಮುಂದೆ ನಿಂತು ಮೊದಲ್ನೇ ರೇಟಿಗೇ ಒಪ್ಕಂಡು ಬಂದೀಯಲ್ಲ, ಅಕಲ್ ಐತೇನು ನಿಂಗೆ? ಪೂರಾ ಮೌನ, ಅದೂ ದಸರಾತನಕ! ಬಾಳ ತುಟ್ಟಿ ಆತು. ಇಳ್ಸು."

ಹೀಗೆ ನನ್ನ ಬದುಕಿನ ವಿಚಿತ್ರ ಚೌಕಾಸಿ ನಡೆಯಿತು. ನಾನು ಕೈಸನ್ನೆಯಲ್ಲಿ, ಅವಳು ಬಾಯಲ್ಲಿ. ನಾನು ದಿನಕ್ಕೆ ನೂರು ಮಾತು ಎಂಬಂತೆ ತೋರಿಸಿದರೆ ಅವಳು, "ಯಾರು ಲೆಕ್ಕ ಇಡೋರು? ನಂಗೆ ಹೊಲಿಗಿ ಐತೆ" ಅಂದಳು. ಬೆಳಿಗ್ಗೆ ಮೌನ, ಸಂಜೆ ಮಾತು ಎಂದರೆ, "ಬೆಳಿಗ್ಗಿದು ಸೇರ್ಸಿ ಸಂಜಿಗೆ ಕೂಗ್ತೀಯ" ಅಂದಳು. ಕೊನೆಗೆ ಗೋಡೆಯ ಕ್ಯಾಲೆಂಡರ್ ಕಡೆ ಕತ್ತರಿ ತೋರಿಸಿದಳು. "ನಿಮ್ ಕಡೆ ಮಳೆ ಲೆಕ್ಕ ಐತಲ್ಲ. ಒಂದು ಮಳೆ ಮಟ್ಟಿಗೆ ಒಂದು ಸಣ್ಣದು ಒಪ್ಕ. ಆ ಮಳೆ ಹೋದ ಮ್ಯಾಲೆ ಇನ್ನೊಂದು ನೋಡಾನ."

ಮಳೆ ಲೆಕ್ಕ ಅಂದರೆ ಗೊತ್ತಲ್ಲ. ಮಳೆಗಾಲ ಒಂದೇ ಆದರೂ ಮಳೆ ಹಲವು. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಹೀಗೆ ಹೆಚ್ಚುಕಡಿಮೆ ಎರಡು ವಾರಕ್ಕೊಂದು ಹೆಸರು. ಮಳೆ ಬೀಳಲಿ ಬಿಡಲಿ, ಕ್ಯಾಲೆಂಡರಿನಲ್ಲಿ ಬಂದು ಹೋಗುತ್ತವೆ. ನನ್ನ ಅರ್ಧ ಗಿರಾಕಿಗಳು ಕೊಂಡಜ್ಜಿ ಕಡೆಯ ಹೊಲದವರು. ಅವರು ತಾರೀಕು ಹೇಳುವುದಿಲ್ಲ, "ಆರಿದ್ರಾ ಮುಗೀಲಿ ಬರ್ತೀವ್ರಿ" ಅನ್ನುತ್ತಾರೆ. ದಸರೆ ಬೆಟ್ಟದಷ್ಟು ದೂರ ಕಂಡಿತ್ತು. ಎರಡು ವಾರವೆಂದರೆ ನಮ್ಮ ಓಣಿಯ ತುದಿಯಂತೆ ಕಣ್ಣಿಗೆ ಕಾಣುತ್ತಿತ್ತು.

"ಇನ್ನೊಂದು," ಅಂದಳು ಆಪಾ. "ಹೇಳಾದು ಸಣ್ಣದು ಹೇಳು. ಅದಕ್ಕಿಂತ ಜಾಸ್ತಿ ಆದ್ರೆ ಕೊಸರು ಅಂತ ತಿಳ್ಕ."

ಕೊಸರು. ಬಟ್ಟೆ ಅಳೆದಾದ ಮೇಲೆ ಕತ್ತರಿಯನ್ನು ನಾಲ್ಕು ಬೆರಳು ಆಚೆ ಸರಿಸಿ ಕತ್ತರಿಸುತ್ತೇವಲ್ಲ, ಸೇರು ಮಂಡಕ್ಕಿ ಅಳೆದ ಮೇಲೆ ಇನ್ನೊಂದು ಹಿಡಿ ಚೀಲಕ್ಕೆ ಹಾಕುತ್ತಾರಲ್ಲ, ಅದು. ಲೆಕ್ಕದ ಹೊರಗಿನದು. ನಾನು ಬೆಲೆಯಲ್ಲಿ ಎಷ್ಟೇ ಬಿಗಿಯಾದರೂ ಕೊಸರಿನಲ್ಲಿ ಎಂದೂ ಜಿಪುಣಿಯಾದವಳಲ್ಲ. ಬೆಲೆಯಲ್ಲಿ ಸೋತ ಗಿರಾಕಿ ಕೈಯಲ್ಲಿ ಒಂದು ಕರ್ಚೀಫ್ ಇಟ್ಟು ಕಳಿಸಿದರೆ ನಗುತ್ತಾ ಹೋಗುತ್ತಾಳೆ, ಮುಂದಿನ ಹಬ್ಬಕ್ಕೆ ತಂಗಿಯನ್ನೂ ಕರೆತರುತ್ತಾಳೆ. ಸಂಕಲ್ಪಕ್ಕೂ ಕೊಸರು ಇರಬಹುದು ಎಂದು ನನಗೆ ಹೊಳೆದಿರಲಿಲ್ಲ ಅಷ್ಟೇ.

ಆರಿದ್ರಾ ಮಳೆಗೆ ಒಪ್ಪಿಕೊಂಡದ್ದು ಇಷ್ಟು: ರಸ್ತೆಯಾಚೆ ಇರುವವರನ್ನು ಕೂಗಿ ಕರೆಯುವುದಿಲ್ಲ. ಬೇಕಿದ್ದರೆ ನಡೆದು ಹೋಗಿ ಮಾತಾಡಬೇಕು. ಕೇಳಲು ಸುಲಭ. ಆದರೆ ನಾನು ಅಲ್ಲಿಯವರೆಗೆ ಚಹಾ, ಹೂವು, ಕೊತ್ತಂಬರಿ, ಆಟೋ, ಪೇಪರಿನವನು ಎಲ್ಲವನ್ನೂ ಗಲ್ಲಾಪೆಟ್ಟಿಗೆ ಬಿಟ್ಟೇಳದೆ ಕೂಗಿಯೇ ತರಿಸಿಕೊಂಡವಳು. ಆರಿದ್ರಾ ಜಿಟಿಜಿಟಿ ಹಿಡಿದಿತ್ತು. ಕೊಡೆ ಬಿಚ್ಚುವುದು, ರಸ್ತೆ ದಾಟುವುದು, ಒಂದು ಚಹಾ ಹೇಳುವುದು, ವಾಪಸ್ ಬರುವುದು. ಚಹಾದಂಗಡಿಯವನಿಗೆ ಕನಿಕರ ಹುಟ್ಟಿ, "ಅಮ್ಮಾ, ಕೈ ಎತ್ತಿದ್ರೆ ಸಾಕು, ನಾನೇ ತರ್ತೀನಿ" ಅಂದ. ನಾನು ಒಪ್ಪಲಿಲ್ಲ. ಬೆರಳು ಎತ್ತಿ ಒಮ್ಮೆ ಕೆಟ್ಟಿದ್ದೇನೆ, ಸಾಕು. ಆ ಮಳೆ ಮುಗಿಯುವಾಗ ಗಂಟಲು ಅಷ್ಟೇನೂ ಸುಧಾರಿಸಿರಲಿಲ್ಲ, ಆದರೆ ಬಿಗಿಯಾಗಿದ್ದ ಎರಡು ರವಿಕೆ ಮೈಗೆ ಬಂದವು. ಕೊಸರು.

ಪುನರ್ವಸುವಿಗೆ ಸ್ವಲ್ಪ ಧೈರ್ಯ ಮಾಡಿದೆ. ಬೆಲೆಯನ್ನು ಒಂದೇ ಸಲ ಹೇಳುವುದು, ಆಮೇಲೆ ಏರಿಳಿತದ ಮಾತಿಲ್ಲ. ಮೊದಲ ದಿನವೇ ಕೊಂಡಜ್ಜಿಯ ಹಾಲಮ್ಮ ಬಂದಳು. ಹಳೆಯ ಗಿರಾಕಿ. ಹೂವಿನ ಬೆಡ್‌ಶೀಟ್ ಹಿಡಿದು ಎಷ್ಟು ಅಂದಳು. ನಾನು ಮುನ್ನೂರು ಅಂದೆ.

"ನೂರೈವತ್ತು ಮಾಡ್ರಿ."

ನಾನು ಸುಮ್ಮನಿದ್ದೆ.

"ಹೋಗ್ಲಿ, ಇನ್ನೂರು."

ಸುಮ್ಮನಿದ್ದೆ.

ಹಾಲಮ್ಮ ಬೆಡ್‌ಶೀಟ್ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಯಾಕ್ರಿ, ಮೈಯಾಗ ಹುಷಾರಿಲ್ಲೇನು? ಒಂದೀಟು ಬೈಯ್ರಿ! 'ನಿಮ್ಮಪ್ಪನ ಮನಿ ಮಾಲೇನು' ಅನ್ರಿ! ಹಿಂಗ್ ಕುಂತ್ರೆ ನಾನು ಹೆಂಗ್ ತಗಳ್ಳಿ?" ಅಂದು ಎದ್ದು ಹೋದಳು. ಮುನ್ನೂರು ರೂಪಾಯಿ ಅವಳ ಸೆರಗಿನ ಗಂಟಿನಲ್ಲಿಯೇ ಇತ್ತು, ನಾನು ಕಂಡಿದ್ದೆ.

ಅವತ್ತು ನನಗೊಂದು ವಿಷಯ ತಿಳಿಯಿತು. ಇಷ್ಟು ವರ್ಷ ನಾನು ಬಟ್ಟೆ ಮಾರುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ಬರುತ್ತಿದ್ದುದು ಅರ್ಧ ಬಟ್ಟೆಗೆ, ಅರ್ಧ ಜಗಳಕ್ಕೆ. ಉಳಿದ ಪುನರ್ವಸುವಿಗೆ ನೂರ್ ಆಪಾ ನನ್ನ ವಕೀಲಳಾದಳು. ಮಶೀನು ತುಳಿಯುತ್ತಲೇ ನನ್ನ ಪರವಾಗಿ ಬೈಯುತ್ತಿದ್ದಳು. ಬೈಗುಳ ಚೆನ್ನಾಗಿದ್ದವು, ಆದರೆ ಕಡೆಯಲ್ಲಿ ಅವಳಿಗೆ ಮನಸ್ಸು ಕರಗಿ, "ಹೋಗ್ಲಿ ಬಿಡು, ಬಡವಿ" ಅಂತ ಇನ್ನೂರ ಇಪ್ಪತ್ತಕ್ಕೆ ಕೊಟ್ಟು ಕಳಿಸುತ್ತಿದ್ದಳು. ಆ ಬಡವಿಯರಲ್ಲಿ ಇಬ್ಬರು ಕಾರಿನಲ್ಲಿ ಬಂದಿದ್ದರು.

ಪುಷ್ಯಕ್ಕೆ ಯೋಚಿಸಿ ಒಂದು ಮೆತ್ತಗಿನದನ್ನು ಆರಿಸಿದೆ. ಯಾರು ಏನೇ ಕೇಳಿದರೂ, ಉತ್ತರಕ್ಕೆ ಮೊದಲು ಫ್ಲಾಸ್ಕಿನಿಂದ ಒಂದು ಗುಟುಕು. ಫ್ಲಾಸ್ಕಿನ ಬಿಸಿನೀರಿಗೆ ಜ್ಯೇಷ್ಠಮಧುವಿನ ಕಡ್ಡಿ ಹಾಕಿರುತ್ತಿದ್ದೆ. ಮುಚ್ಚಳ ತಿರುವಿ, ಬಗ್ಗಿಸಿ, ಕುಡಿದು, ಮುಚ್ಚಳ ಹಾಕುವಷ್ಟರಲ್ಲಿ ಆಡಬೇಕೆಂದಿದ್ದ ಅರ್ಧ ಮಾತು ಬೇಡವೇ ಅನ್ನಿಸಿಬಿಡುತ್ತಿತ್ತು. ಅದಕ್ಕಿಂತ ಸೋಜಿಗವೆಂದರೆ, ಆ ಗುಟುಕಿನ ಹೊತ್ತಿನಲ್ಲಿ ಎದುರಿನವರು ತಾವೇ ಮಾತಾಡುತ್ತಿದ್ದರು. ಹೋಲ್‌ಸೇಲಿನವನು ಟವೆಲ್ ಡಜನ್ನಿನ ಬೆಲೆ ಹೇಳಿದ, ನಾನು ಮುಚ್ಚಳ ತಿರುವಿದೆ, ಅವನು ಹತ್ತು ರೂಪಾಯಿ ಇಳಿಸಿದ. ನಾನು ಇನ್ನೂ ನುಂಗಿರಲಿಲ್ಲ. ಈ ಉಪಾಯ ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದರೆ ಇಷ್ಟೊತ್ತಿಗೆ ಎರಡನೆಯ ಅಂಗಡಿ ಇರುತ್ತಿತ್ತು.

ಇಷ್ಟು ಚೆನ್ನಾಗಿ ನಡೆದದ್ದು ಆಶ್ಲೇಷದಲ್ಲಿ ಕೆಟ್ಟಿತು. ಆ ಮಳೆಗೆ ಒಪ್ಪಿದ್ದು ಸಿಟ್ಟು ಬಂದಾಗ ಬಾಯಿ ತೆರೆಯುವುದಿಲ್ಲ ಅಂತ. ಮೊದಲ ವಾರವೇ ಒಂದು ಆಟೋ ಹಿಂದೆ ಹಿಂದೆ ಬಂದು ನನ್ನ ನೈಟಿ ಸ್ಟ್ಯಾಂಡನ್ನು ಕೆಸರಿಗೆ ಕೆಡವಿತು. ನನ್ನ "ಏಯ್!" ಅಡ್ಡರಸ್ತೆ ದಾಟಿ ಮೇನ್ ರೋಡಿಗೆ ಕೇಳಿಸಿತಂತೆ. ಅದರ ಹಿಂದೆಯೇ ಇನ್ನೂ ಹತ್ತು ಮಾತು ಬಂದವು. ಸಂಜೆಗೆ ದನಿ ಪೂರಾ ಬಂದ್. ಗೋಡೆಗೆ ಮುಖ ಮಾಡಿ ಕೂತೆ. ಎಲ್ಲ ಮುಗಿಯಿತು, ಇನ್ನು ಆಪರೇಷನ್ನೇ ಗತಿ ಅಂತ.

ನೂರ್ ಆಪಾ ಕೆಸರಾದ ನೈಟಿಗಳನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಾ ಅಂದಳು, "ಎಷ್ಟೊತ್ತು ಹಿಂಗ್ ಕುಂದ್ರಾದು?"

ನಾನು ಮುಂದಿನ ಮಳೆಗೆ ಎರಡರಷ್ಟು ಬಿಗಿ ಮಾಡುತ್ತೇನೆ ಎಂದು ಸನ್ನೆ ಮಾಡಿದೆ.

"ಬ್ಯಾಡ. ಹೋದ ಮಳೆ ಹೊಳಿ ಸೇರ್ತು. ಅದನ್ನ ಕೊಡದಾಗೆ ಹೊತ್ಕಂಡು ವಾಪಸ್ ತರಾಕ ಹೋಗ್ತೀಯೇನು? ಮಘಿ ಬರ್ಲಿ, ಮತ್ತೆ ಸಣ್ಣದೇ ಹೇಳು. ಬಡ್ಡಿ ಹಾಕಬ್ಯಾಡ ನಿಂಗೆ ನೀನೇ."

ಮಘೆ ಬಂತು. ಅದರ ಜೊತೆಗೆ ಹರಿಹರದವರ ಫೋನೂ ಬಂತು. ನನ್ನ ಮಗಳು ಶ್ವೇತಾ, ಹರಿಹರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಪ್ರಶಾಂತ, ಇಬ್ಬರಿಗೂ ಡಿಪ್ಲೊಮಾ ಓದುವಾಗಿನಿಂದ ಪರಿಚಯ. ಎರಡೂ ಮನೆಯವರಿಗೆ ಒಪ್ಪಿಗೆಯಿತ್ತು. ಆಷಾಢ ಕಳೆದು ಶ್ರಾವಣದಲ್ಲಿ ಕೂತು ಮಾತಾಡೋಣ ಎಂದಾಗಿತ್ತು. ಮದುವೆ ಎಲ್ಲಿ, ಯಾರ ಖರ್ಚು ಎಷ್ಟು, ಅದೆಲ್ಲ ಮಾತುಕತೆಯಾಗಬೇಕು. ಮಾತುಕತೆ! ಊರಲ್ಲೇ ಹೆಸರಾದ ಮಾತುಗಾತಿಗೆ ಮಾತೇ ಇಲ್ಲದ ಹೊತ್ತಿನಲ್ಲಿ.

ನಾನು ಹೆದರಿದ್ದು ನನಗೆ ದನಿಯಿಲ್ಲವಲ್ಲ ಎಂದು. ಶ್ವೇತಾ ಹೆದರಿದ್ದು ಎಲ್ಲಿ ದನಿ ಬಂದುಬಿಡುತ್ತದೋ ಎಂದು. ರಾತ್ರಿ ಊಟಕ್ಕೆ ಕೂತಾಗ ಅಂದಳು, "ಅಮ್ಮಾ, ಮಘಿ ಮಳೆಗೆ ಏನ್ ಅಂತ ನಾನು ಹೇಳ್ತೀನಿ. ಹರಿಹರದಾಗ ಬಾಯಿ ಬಿಡಬ್ಯಾಡ."

ಯಾಕೆ ಎಂದು ಹುಬ್ಬು ಎತ್ತಿದೆ.

"ಯಾಕಂದ್ರ, ನಿಂಗೆ ಹೆದರಿ ತರಕಾರಿಯವನೇ ನಮ್ ಓಣಿ ಬಿಟ್ಟು ಹೋದ. ಇವ್ರೂ ಹೋದ್ರೆ ನಾನೇನ್ ಮಾಡ್ಲಿ?" ನಗುತ್ತಲೇ ಅಂದಳು, ಆದರೆ ತಟ್ಟೆಯ ಅನ್ನ ಹಾಗೇ ಇತ್ತು.

ನಾನು ಕೈ ಎತ್ತಿ ಹತ್ತೂ ಬೆರಳು ತೋರಿಸಿದೆ. ಹತ್ತು ಮಾತು. ಅವಳು ಒಂದು ಕೈ ಕೆಳಗಿಳಿಸಿದಳು. ಇನ್ನೊಂದು ಕೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ತೋರುಬೆರಳೊಂದು ಉಳಿಯಿತು. ಒಂದೇ ಮಾತು. ನಾನು ಹೊಟ್ಟೆಯಲ್ಲಿ ಹೊತ್ತದ್ದೇ ನನಗೆ ಚೌಕಾಸಿ ಕಲಿಸುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಯಿತು. ಬದಲಿಗೆ ನಾನೂ ಒಂದು ಷರತ್ತು ಹಾಕಿದೆ. ನನ್ನ ಗಂಟಲಿನ ವಿಷಯ ಬೀಗರ ಮನೆಯಲ್ಲಿ ಯಾರೂ ಎತ್ತಬಾರದು. ನಮ್ಮಲ್ಲಿ ಏನು ಕಡಿಮೆಯಿದೆ ಎಂಬುದು ಎದುರಿನವರಿಗೆ ಮೊದಲೇ ಗೊತ್ತಾಗಬಾರದು, ಇದು ವ್ಯಾಪಾರದ ಮೊದಲ ಪಾಠ.

ಆ ಭಾನುವಾರ ಹರಿಹರಕ್ಕೆ ಹೊರಟಾಗ ಮಳೆ ನಿಂತು ಬಿಸಿಲು ಬಿದ್ದಿತ್ತು. ಪ್ರಶಾಂತನ ಮನೆ ಹೊಳೆ ಕಡೆಗೆ ಇಳಿಯುವ ಓಣಿಯಲ್ಲಿ. ಬಾಗಿಲಲ್ಲೇ ಅವನ ತಾಯಿ ಸರೋಜಮ್ಮ, "ಬರ್ರಿ ಬರ್ರಿ, ಕೂಡ್ರಿ" ಎಂದು ಚಾಪೆ ಮೇಲೆ ಹೊಸ ಜಮಖಾನ ಹಾಸಿ ಕೂರಿಸಿದರು. ಅವನ ತಂದೆ ತೀರಿಹೋಗಿ ಬಹಳ ವರ್ಷ ಆಗಿತ್ತು. ಹಾಗಾಗಿ ಮಾತಾಡಲು ಸೋದರಮಾವ ಚನ್ನಪ್ಪನವರು ಬಂದಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪ್ರಶಾಂತನನ್ನು ಮಿರ್ಚಿ ತರಲು ಅಂಗಡಿಗೆ ಕಳಿಸಿದ್ದರು.

ಚನ್ನಪ್ಪನವರು ಗಂಟಲು ಸರಿಮಾಡಿಕೊಂಡರು. ನನಗೆ ಹೊಟ್ಟೆಕಿಚ್ಚಾಯಿತು, ಎಂಥ ಗಂಟಲು!

"ನೋಡ್ರಿ, ಮದ್ವಿ ಹರಿಹರದಾಗೇ ಆಗ್ಬೇಕು. ನಮ್ ಕಡೆ ಮಂದಿ ಬಾಳ. ಮಂಟಪ, ಊಟ, ಎಲ್ಲಾ ನಿಮ್ದೇ. ಹಿಂದಿನ ದಿನ ರಾತ್ರಿ ಊಟನೂ. ಮತ್ತೆ ನಮ್ ಕಡೆ ಹೆಣ್ಮಕ್ಕಳಿಗೆಲ್ಲ ಸೀರಿ, ಅಳಿಯಂದ್ರಿಗೆ ಬಟ್ಟಿ."

ನನ್ನ ತುದಿನಾಲಿಗೆಯಲ್ಲಿ ಏನೇನೋ ಬಂತು. ಆದರೆ ಇದ್ದದ್ದು ಒಂದೇ ಮಾತು. ಅದನ್ನು ಮೊದಲ ಬೆಲೆಗೇ ಖರ್ಚು ಮಾಡುವ ದಡ್ಡಿ ನಾನಲ್ಲ. ಫ್ಲಾಸ್ಕ್ ತೆಗೆದೆ. ಮುಚ್ಚಳ ತಿರುವಿದೆ.

ಚನ್ನಪ್ಪನವರು ನನ್ನ ಕೈಯನ್ನೇ ನೋಡಿದರು. "ಸೀರಿ ಅಂದ್ರ, ಎಲ್ಲಾರ್ಗೂ ಅಂತಲ್ರಿ. ಹತ್ತಿರದೋರಿಗೆ."

ಒಂದು ಗುಟುಕು ಕುಡಿದೆ.

"ಹಿಂದಿನ ದಿನದ ಊಟ ನಾವೇ ನೋಡ್ಕಂತೀವಿ, ಅದೇನ್ ದೊಡ್ಡದಲ್ಲ."

ಮುಚ್ಚಳ ಹಾಕಿದೆ. ಶ್ವೇತಾ ಜಮಖಾನದ ಎಳೆ ಕೀಳುತ್ತಿದ್ದಳು. ನಮ್ಮ ಯಜಮಾನರು ಎಂದಿನಂತೆ ಗೋಡೆ ನೋಡುತ್ತಿದ್ದರು. ಚನ್ನಪ್ಪನವರ ಹಣೆ ಬೆವರಿತು. "ಸೀರಿ ಬ್ಯಾಡ ಬಿಡ್ರಿ. ಮಂಟಪದ ಬಾಡಿಗಿ ಬೇಕಾದ್ರೆ ಅರ್ಧ..."

ನಾನು ಮತ್ತೆ ಮುಚ್ಚಳಕ್ಕೆ ಕೈಹಾಕಿದೆ. ಈ ಸಲ ನಿಜವಾಗಿ ಗಂಟಲು ಒಣಗಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದ ಸರೋಜಮ್ಮ ತಮ್ಮನನ್ನು ತಡೆದರು.

"ಸಾಕು ಬಿಡೋ ಚನ್ನಪ್ಪ. ಏನೂ ಬ್ಯಾಡ್ರಿ ನಿಮ್ದು. ಎಲ್ಲಾ ಖರ್ಚು ನಂದೇ. ಹುಡುಗೀನ್ನ ಕೊಡ್ರಿ ಸಾಕು. ನನ್ ಮಗ ಆಕೀನ್ನ ಬಿಟ್ಟು ಬ್ಯಾರೆ ಯಾರ್ನೂ ಒಲ್ಲೆ ಅಂತಾನೆ."

ತಟ್ಟೆಯಲ್ಲಿದ್ದ ಲೋಟಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಆಗ ನಾನು ಅವರ ಹಿಂದಿನ ಅಡುಗೆಮನೆಯನ್ನು ನೋಡಿದೆ. ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಜೋಳದ ರೊಟ್ಟಿಗಳ ಎತ್ತರದ ಅಟ್ಟಿಗಳು, ಪಕ್ಕದಲ್ಲಿ ಕಟ್ಟಿಟ್ಟ ಪ್ಯಾಕೆಟ್ಟುಗಳು. ರೊಟ್ಟಿ ಬಡಿದು ಮಾರಿ ಮಗನನ್ನು ಓದಿಸಿದ್ದಾರೆ ಎಂದು ಶ್ವೇತಾ ಹೇಳಿದ್ದಳು. ಕೇಳಿದ್ದೆ, ಕಂಡಿರಲಿಲ್ಲ. ನಾನು ಗಂಟು ಹೊತ್ತು ಓಣಿ ತಿರುಗುತ್ತಿದ್ದಾಗ ಈಕೆ ಇಲ್ಲಿ ಹಂಚಿನ ಮುಂದೆ ಕೂತಿದ್ದಳು, ಅಷ್ಟೇ ವ್ಯತ್ಯಾಸ.

ವ್ಯಾಪಾರದಲ್ಲಿ ಎದುರಿನವರು ಲಾಭ ಬಿಟ್ಟುಕೊಟ್ಟಾಗ ಒಂದು ಸದ್ದು, ಅಸಲು ಬಿಟ್ಟುಕೊಟ್ಟಾಗ ಇನ್ನೊಂದು ಸದ್ದು. ಆ ಎರಡನೆಯ ಸದ್ದು ಬಂದಾಗ ವ್ಯಾಪಾರ ನಿಲ್ಲಿಸಬೇಕು. ಅಸಲಿಗಿಂತ ಕೆಳಗೆ ಕೊಂಡ ಮಾಲು ಮನೆಯಲ್ಲಿ ಬಾಳುವುದಿಲ್ಲ, ಇದು ನನ್ನ ಅನುಭವ. ಇಲ್ಲಿ ಬಾಳಬೇಕಾದವಳು ನನ್ನ ಮಗಳು.

ಫ್ಲಾಸ್ಕ್ ಕೆಳಗಿಟ್ಟೆ. ಉಳಿಸಿಟ್ಟಿದ್ದ ಆ ಒಂದು ಮಾತನ್ನು ಖರ್ಚು ಮಾಡಿದೆ.

"ಮದ್ವಿ ಹರಿಹರದಾಗೇ, ಖರ್ಚು ಅರ್ಧ ಅರ್ಧ, ಸೀರಿ ನನ್ ಅಂಗಡಿ ಕಡಿಂದ ಕೊಸರು."

ತುಕ್ಕು ಹಿಡಿದ ಬಾಂಡಲಿಯನ್ನು ಕೆರೆದಂಥ ದನಿ. ಆದರೆ ಮನೆ ತುಂಬ ಕೇಳಿಸಿತು. ಸರೋಜಮ್ಮ ತಟ್ಟೆ ಇಟ್ಟು ನನ್ನ ಪಕ್ಕದಲ್ಲಿ ಕುಸಿದು ಕೂತರು. "ಅಯ್ಯ ನಮ್ಮವ್ವ! ಇಷ್ಟೊತ್ತು ಯಾಕ ಸುಮ್ನಿದ್ರಿ? ಸಿಟ್ಟಾಗೀರಿ ಅಂತ ನನ್ ಜೀವ ಬಾಯಿಗೆ ಬಂದಿತ್ತು. ನಿಮ್ ದನಿ ಯಾಕ ಹಿಂಗೈತೆ?"

ನಾನು ಯಜಮಾನರ ಕಡೆ ನೋಡಿದೆ. ಷರತ್ತು ಮುಗಿಯಿತು, ಹೇಳಿ ಎಂಬಂತೆ. ಅವರು ಗೋಡೆಯಿಂದ ಕಣ್ಣು ಕಿತ್ತು, ಕ್ಯಾಮೆರಾ, ಗಂಟು, ಡಾಕ್ಟರು, ಆರಿದ್ರಾ, ಪುನರ್ವಸು, ಪಾಲಿಯೆಸ್ಟರು ಎಲ್ಲ ಹೇಳಿದರು. ಮದುವೆಯಾದಾಗಿನಿಂದ ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಕಾಶವೇ ಇರಲಿಲ್ಲವೇನೋ.

ಚನ್ನಪ್ಪನವರು ಹಣೆ ಒರೆಸಿಕೊಂಡರು. "ಅಯ್ಯೋ ಅಕ್ಕಾ! ದಾವಣಗೆರೆಯಾಗ ನಿಮ್ ಹೆಸ್ರು ಕೇಳಿ ನಾನು ಎಲ್ಲಾನೂ ಡಬಲ್ ಹೇಳಿದ್ದೆ. ನೀವು ಅರ್ಧಕ್ಕೆ ಇಳಿಸ್ತೀರಿ, ಆಗ ಸರಿಯಾಗ್ತದೆ ಅಂತ! ನೀವು ಇಳಿಸಲೇ ಇಲ್ಲ, ನಾನೇ ಇಳ್ದೆ!"

ಪ್ರಶಾಂತ ಮಿರ್ಚಿ ಪೊಟ್ಟಣ ಹಿಡಿದು ಬಂದಾಗ ನಾವೆಲ್ಲ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದೆವು. ಅವನು ಯಾವುದಕ್ಕೆ ನಗಬೇಕೆಂದು ತಿಳಿಯದೆ ಶ್ವೇತಾಳನ್ನು ನೋಡಿ ನಕ್ಕ. ಮಂಡಕ್ಕಿ, ಮಿರ್ಚಿ ಮುಗಿಸಿ ಎಲ್ಲರೂ ಹೊಳೆ ನೋಡಲು ಇಳಿದೆವು. ತುಂಗಭದ್ರೆ ಕೆಂಪಗೆ ದಡ ತುಂಬಿ ಹರಿಯುತ್ತಿದ್ದಳು. ಆರಿದ್ರಾ, ಪುನರ್ವಸು, ನಾನು ಸೋತ ಆಶ್ಲೇಷ, ಎಲ್ಲ ಆ ನೀರಲ್ಲೇ ಇದ್ದವು. ವಾಪಸ್ ಹೊತ್ತು ತರಲು ಕೊಡ ತಂದಿರಲಿಲ್ಲ, ಒಳ್ಳೆಯದೇ ಆಯಿತು. ಬರುವಾಗ ಶ್ವೇತಾ ಜಗಳ ತೆಗೆದಳು: "ಅಮ್ಮಾ, ಅದು ಒಂದ್ ಮಾತಲ್ಲ, ಮೂರು." ನಾನು ಒಂದು ಬೆರಳೆತ್ತಿ ಮೂಗಿನ ಹತ್ತಿರ ಹಿಡಿದು ತೋರಿಸಿದೆ. ಒಂದೇ ಉಸಿರು. ಒಂದು ಉಸಿರಿಗೆ ಒಂದು ಮಾತು.

ಹುಬ್ಬೆ, ಉತ್ತರೆ ಮಳೆಗಳು ಸಣ್ಣಸಣ್ಣ ಒಪ್ಪಂದಗಳಲ್ಲಿ ಹೋದವು. ನವರಾತ್ರಿಗೆ ಮೊದಲು ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಎಷ್ಟೋ ಹೊತ್ತು ಪರದೆ ನೋಡಿ, "ಒಂದು ಕಡೆದು ಹೋಗೇ ಬಿಟ್ಟಿದೆ. ಇನ್ನೊಂದು ಸಾಸಿವೆಯಷ್ಟಿದೆ, ಅದೂ ಹೋಗುತ್ತೆ. ಆಪರೇಷನ್ ಬೇಡ" ಅಂದರು. "ನಾನು ಹೇಳಿದ್ದನ್ನ ಯಾರೂ ಇಷ್ಟು ದಿನ ಪಾಲಿಸಲ್ಲ. ಹೇಗೆ ಮಾಡಿದ್ರಿ?"

"ಕಂತಿನ ಮೇಲೆ," ಅಂದೆ. ದನಿ ಸ್ವಲ್ಪ ಗಡಸು, ಆದರೆ ನನ್ನದೇ. ಹೊರಗೆ ಬಂದು ಅವರ ಫೀಸಿನಲ್ಲಿ ಐವತ್ತು ಇಳಿಸಿದೆ.

ಅಂದಿನಿಂದ ಮಳೆ ಬದಲಾದಾಗೆಲ್ಲ ನಾನೂ ಆಪಾನೂ ಒಂದೊಂದು ಒಪ್ಪಿಕೊಳ್ಳುತ್ತೇವೆ. ಹೋದ ವರ್ಷ ಪುಷ್ಯಕ್ಕೆ ಅವಳು ಚಹಾಕ್ಕೆ ಸಕ್ಕರೆ ಒಂದೇ ಚಮಚ ಅಂದಳು. ಮೊದಲು ಪೂರಾ ಬಿಡ್ತೀನಿ ಅಂದಿದ್ದಳು, ನಾನೇ ಇಳಿಸಿದೆ. ಈಗ ಹರಿಹರದಿಂದ ಬೀಗಿತ್ತಿ ಸರೋಜಮ್ಮನೂ ಫೋನಿನಲ್ಲಿ ಸೇರಿದ್ದಾರೆ. ರೊಟ್ಟಿ ಬಡಿಯುವುದನ್ನು ಮಧ್ಯಾಹ್ನ ಸ್ವಲ್ಪ ಹೊತ್ತು ನಿಲ್ಲಿಸಿ ಕಾಲು ಚಾಚುವುದು ಅವರ ಈ ಮಳೆಯ ಮಾತು. ನನ್ನದು ಕೇಳಿದರೆ ನಗುತ್ತೀರಿ. ಕೇಳದೆ ಯಾರಿಗೂ ಸಲಹೆ ಕೊಡುವುದಿಲ್ಲ ಅಂತ. ಬರೆದು ಹೇಳುವುದು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಆಪಾಳ ಹತ್ತಿರ ಚೌಕಾಸಿ ಮಾಡಿ ಒಪ್ಪಿಸಿದ್ದೇನೆ. ಆದ್ದರಿಂದ ಇದನ್ನು ಓದುವವರು ಸ್ವಲ್ಪ ತಾಳಿಕೊಳ್ಳಿ.

ನಿಮಗೆ ಏನಾದರೂ ಬದಲಾಯಿಸಿಕೊಳ್ಳಬೇಕಿದ್ದರೆ ಹೊಸ ವರ್ಷಕ್ಕಾಗಲಿ ಯುಗಾದಿಗಾಗಲಿ ಕಾಯಬೇಡಿ. ಅವೆರಡೂ ಹಬ್ಬದ ಬೆಲೆ, ಎಲ್ಲವೂ ದುಬಾರಿ. ಕ್ಯಾಲೆಂಡರ್ ನೋಡಿ, ಮುಂದಿನ ಮಳೆ ಯಾವಾಗ ಹಿಡಿಯುತ್ತದೋ ಅಂದಿನಿಂದ ಶುರು ಮಾಡಿ, ಆ ಮಳೆ ಬಿಟ್ಟ ದಿನ ಮುಗಿಸಿ. ಮನಸ್ಸು ಮೊದಲು ಹೇಳುವ ಬೆಲೆಗೆ ಒಪ್ಪಲೇಬೇಡಿ, ಅರ್ಧಕ್ಕೆ ಕೇಳಿ, ಅದರಲ್ಲೂ ಸ್ವಲ್ಪ ಇಳಿಸಿ. ಒಬ್ಬರೇ ಕೂತು ಮಾಡಿದರೆ ದೇವರಿಗೆ ಹೆದರಿ ದೊಡ್ಡದನ್ನೇ ಒಪ್ಪಿಕೊಂಡು ಬರುತ್ತೀರಿ, ಅದಕ್ಕೆ ನಿಮ್ಮನ್ನು ಬೈಯಬಲ್ಲ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ತಪ್ಪಿದ ಮಳೆಯನ್ನು ಹೊಳೆಗೆ ಬಿಡಿ. ಎದುರಿನವರು ಅಸಲು ಬಿಟ್ಟುಕೊಡುತ್ತಿದ್ದಾರೆ ಎಂದು ಕಂಡರೆ, ಅಲ್ಲಿ ಮಾತ್ರ, ಉಳಿಸಿಟ್ಟ ದನಿಯನ್ನೆಲ್ಲ ಖರ್ಚು ಮಾಡಿ.

ಇಷ್ಟು ಅಳತೆ. ಇನ್ನು ಕೊಸರು: ಫ್ಲಾಸ್ಕ್ ಕೊಳ್ಳುವುದಿದ್ದರೆ ಚೀಟಿಯ ಬೆಲೆ ಕೊಡಬೇಡಿ, ಬೆರಳಂತೂ ಎತ್ತಲೇಬೇಡಿ. ನನ್ನನ್ನು ಜೊತೆಗೆ ಕರೆಯಿರಿ. ದನಿ ಈಗ ಚೆನ್ನಾಗಿದೆ, ಆ ಅಂಗಡಿಯವನ ಹತ್ತಿರ ನನ್ನದೊಂದು ಹಳೆಯ ಲೆಕ್ಕವೂ ಇದೆ.